ಸಮ್ಮೋಹನದಿಂದ ಚಟ ಬಿಟ್ಟೀತೆ?

ಬೆಳಗಾವಿ ಜಿಲ್ಲೆಯ ನಿಪ್ಪಾಣಿಯು ಬೀಡಿ ತಂಬಾಕಿಗೆ ಹೆಸರಾದ ಪೇಟೆ. ಅಂಟಿದ ತಂಬಾಕಿನ ಚಟವನ್ನು ಸಮ್ಮೋಹನವು ಬಿಡಿಸಬಲ್ಲುದೆ? ಬೊಜ್ಜನ್ನು ಕರಗಿಸಬಲ್ಲುದೆ?

ಸಮ್ಮೋಹನವು ಕಾಂತಪ್ರವಾಹದ ಫಲವಲ್ಲ, ಏಕಾಗ್ರತೆಯ ಫಲವೆಂದು ಜೇಮ್ಸ್ ಬ್ರೇಡ್ ಎಂಬ ವೈದ್ಯನು 1843ರಲ್ಲಿಯೇ ಪ್ರತಿಪಾದಿಸಿದನು. ಆ ಸ್ಥಿತಿಯಲ್ಲಿ ಮನಸ್ಸು ಸೂಚನೆಗೆ ಸುಲಭವಾಗಿ ಓಗೊಡುತ್ತದೆ, ಅಷ್ಟೆ.

ಗೋಕಾಕದ ಜಲಪಾತಕ್ಕೂ ನಮ್ಮ ದೇಹಕ್ಕೂ ಶಕ್ತಿನಿತ್ಯತೆಯ ನಿಯಮವೊಂದೇ. ಒಂದು ಕಿಲೋಗ್ರಾಂ ಬೊಜ್ಜು ಸುಮಾರು 7,700 ಕಿಲೊಕ್ಯಾಲೊರಿಗಳ ಸಂಗ್ರಹ. ಸೂಚನೆಯು ಊಟವನ್ನು ಮಿತಗೊಳಿಸಿ ನಡಿಗೆಯನ್ನು ಹೆಚ್ಚಿಸಿದರೆ ಮಾತ್ರ ತೂಕವು ಇಳಿದೀತು.

ಧೂಮಪಾನದ ಕುರಿತಾದ 14 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯು 2019ರಲ್ಲಿ ಪರಾಮರ್ಶಿಸಿತು. ಸಮ್ಮೋಹನವು ಇತರ ನೆರವಿಗಿಂತ ಮೇಲೆಂಬುದಕ್ಕೆ ಸಾಕಷ್ಟು ಆಧಾರ ದೊರೆಯಲಿಲ್ಲ. ಸಮಾಲೋಚನೆಗೂ ನಿಕೋಟಿನ್ ಪರ್ಯಾಯ ಚಿಕಿತ್ಸೆಗೂ ಆಧಾರವುಂಟು. ಆದುದರಿಂದ ಚಟ ಬಿಡಬಯಸುವವರು ಮೊದಲು ವೈದ್ಯರನ್ನು ಕಾಣುವುದು ಲೇಸು.