ಊರೊಳಗಿನ ಸೇದುವ ಬಾವಿ: ನೀರಿನ ಗುಣ ಅರಿಯುವ ಬಗೆ

ನೋಡಲು ತಿಳಿಯಾಗಿದೆ, ಕುಡಿಯಲು ಸಿಹಿಯಾಗಿದೆ ಎಂದ ಮಾತ್ರಕ್ಕೆ ಬಾವಿಯ ನೀರು ಶುದ್ಧವೆಂದು ನಂಬಬಾರದು. ರೋಗಾಣುಗಳಾಗಲಿ ನೈಟ್ರೇಟ್ ಆಗಲಿ ಕಣ್ಣಿಗೂ ನಾಲಿಗೆಗೂ ತಿಳಿಯುವುದಿಲ್ಲ. ಬೀದರ ನಗರ, ಭಾಲ್ಕಿ ಮತ್ತು ಔರಾದ ಪಟ್ಟಣಗಳ ಆಳವಿಲ್ಲದ ಬಾವಿಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಮಲಿನವಾಗಲು ಕಾರಣ

ಬೀದರ ನಗರವು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ರಂಧ್ರಮಯವಾದ ಈ ಕಲ್ಲಿನಲ್ಲಿ ಮಳೆನೀರು ಬೇಗ ಇಂಗುತ್ತದೆ. 15ನೆಯ ಶತಮಾನದಲ್ಲಿ ಬಹಮನಿ ಅರಸರ ಕಾಲಕ್ಕೆ ನೌಬಾದ ಬಳಿ ತೋಡಿದ ಸುರಂಗ ಬಾವಿಗೆ ಈ ಗುಣವೇ ಆಧಾರ. ಆದರೆ ಮಳೆನೀರು ಇಳಿಯುವ ದಾರಿಯಲ್ಲೇ ಶೌಚದ ಗುಂಡಿ, ಚರಂಡಿ, ತಿಪ್ಪೆಗಳ ಬಸಿನೀರೂ ಇಳಿಯುತ್ತದೆ. ಭಾಲ್ಕಿ, ಔರಾದ ಭಾಗಗಳಲ್ಲಿ ಹೆಚ್ಚಾಗಿ ಕಪ್ಪು ಮಣ್ಣು, ಅದರ ಕೆಳಗೆ ಬಸಾಲ್ಟ್ ಕಲ್ಲು. ಇಲ್ಲಿ ಕಲ್ಲಿನ ಬಿರುಕುಗಳೇ ನೀರಿನ ದಾರಿ. ಬಿರುಕಿನಲ್ಲಿ ನೀರು ಸರಿಯಾಗಿ ಸೋಸುವುದಿಲ್ಲ.

ಮಾದರಿ ತೆಗೆಯುವ ಕ್ರಮ

ಮುಂಗಾರಿಗೆ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಬೇಕು. ಲವಣಗಳ ಪರೀಕ್ಷೆಗೆ ಒಂದು ಲೀಟರಿನ ಪ್ಲಾಸ್ಟಿಕ್ ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಬೇಕು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಸೀಸೆಯನ್ನೇ ತೊಳೆಯದೆ ಬಳಸಿ, ತಂಪಾಗಿಟ್ಟು, ಅದೇ ದಿನ ತಲುಪಿಸಬೇಕು.

ಫಲಿತಾಂಶ ಓದುವುದು

ಭಾರತೀಯ ಮಾನಕ 10500ರ (2012) ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟ್ 45 ಮಿ.ಗ್ರಾಂ ಮೀರಬಾರದು. ಕ್ಲೋರೈಡ್ 250, ಕರಗಿದ ಲವಣಗಳು 500 ಮಿ.ಗ್ರಾಂ ಒಳಗಿದ್ದರೆ ಉತ್ತಮ. 100 ಮಿ.ಲೀ. ನೀರಿನಲ್ಲಿ ಈ-ಕೊಲೈ ರೋಗಾಣು ಒಂದೂ ಇರಕೂಡದು. ಅಕ್ಕಪಕ್ಕದ ಬಾವಿಗಳಿಗಿಂತ ಒಂದರಲ್ಲಿ ನೈಟ್ರೇಟ್, ಕ್ಲೋರೈಡ್ ಎರಡೂ ಏರಿದ್ದರೆ ಕೊಳಚೆ ಸೇರಿದೆಯೆಂದು ಶಂಕಿಸಬೇಕು.

ಪರಿಹಾರ

ರೋಗಾಣುಗಳಿದ್ದರೆ 1,000 ಲೀಟರ್ ನೀರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಬೇಕು. 3 ಮೀಟರ್ ಅಡ್ಡಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್ ಆಗುತ್ತದೆ. ಇದಕ್ಕೆ 70 ಗ್ರಾಂ ಸಾಕು. ಪುಡಿಯನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕುಳಿತ ಮೇಲೆ ತಿಳಿಯನ್ನು ಮಾತ್ರ ರಾತ್ರಿ ಬಾವಿಗೆ ಬೆರೆಸಿ, ಬೆಳಿಗ್ಗೆ ನೀರು ಸೇದಬೇಕು. ಕೊಳಚೆ ಸೇರುವುದು ನಿಲ್ಲದಿದ್ದರೆ ರೋಗಾಣುಗಳು ಮತ್ತೆ ಬರುತ್ತವೆ.

ನೈಟ್ರೇಟಿಗೆ ಈ ಉಪಾಯ ನಡೆಯದು. ಕುದಿಸಿದರೆ ನೀರು ಆರಿ ನೈಟ್ರೇಟ್ ಇನ್ನಷ್ಟು ಸಾಂದ್ರವಾಗುತ್ತದೆ. ಇಂತಹ ನೀರಿನಲ್ಲಿ ಹಾಲಿನ ಪುಡಿ ಕಲಸಿ ಆರು ತಿಂಗಳೊಳಗಿನ ಕೂಸಿಗೆ ಕುಡಿಸಿದರೆ ರಕ್ತವು ಆಮ್ಲಜನಕ ಒಯ್ಯುವ ಶಕ್ತಿ ಕುಂದಿ, ಮೈ ನೀಲಿಗಟ್ಟಿ, ಪ್ರಾಣಕ್ಕೇ ಅಪಾಯವಾಗಬಹುದು. ಕೂಸಿಗೆ ಬೇರೆ ನೀರನ್ನೇ ಬಳಸಬೇಕು.

ಬೆಳೆಗಳಿಗೆ ಮಾತ್ರ ನೈಟ್ರೇಟ್ ಗೊಬ್ಬರವೇ. 45 ಮಿ.ಗ್ರಾಂ ನೈಟ್ರೇಟ್ ಇರುವ ನೀರನ್ನು ಒಂದು ಹೆಕ್ಟೇರಿಗೆ 10 ಸೆಂ.ಮೀ. ಹಾಯಿಸಿದರೆ ಸುಮಾರು 10 ಕಿ.ಗ್ರಾಂ ಸಾರಜನಕ ಸೇರುತ್ತದೆ. ಅಷ್ಟು ಸಾರಜನಕ ಕೊಡುವ ಯೂರಿಯಾ ಉಳಿಸಬಹುದು. ಆದರೆ ರೋಗಾಣುಗಳಿರುವ ನೀರನ್ನು ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗಳಿಗೆ ಹಾಯಿಸಬಾರದು.

ಶೌಚದ ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ. ಜಂಬಿಟ್ಟಿಗೆ ನೆಲದಲ್ಲಿ ಇನ್ನೂ ದೂರವಿದ್ದಷ್ಟೂ ಒಳ್ಳೆಯದು. ಬಾವಿಗೆ ಕಟ್ಟೆ, ಸುತ್ತ ಗಾರೆ ನೆಲ, ಮೇಲೆ ಮುಚ್ಚಳ ಇರುವುದು ಅವಶ್ಯ.