ಹೊಸ ಟ್ರ್ಯಾಕ್ಟರು ಪದೇ ಪದೇ ಕೆಟ್ಟರೆ ಏನು ಮಾಡಬೇಕು?



ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನೀವು ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆಯೇ ಬೆಲೆಯ ಮಾತಿಗೆ ಬರುತ್ತೀರಿ. ಆದರೆ ಲಕ್ಷಗಟ್ಟಲೆ ಸಾಲ ಮಾಡಿ ಟ್ರ್ಯಾಕ್ಟರು ಕೊಳ್ಳುವಾಗ ಅನೇಕರು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿ, ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು ಮನೆಗೆ ತರುತ್ತಾರೆ. ಯಂತ್ರ ಚೆನ್ನಾಗಿ ನಡೆದರೆ ಸಂತೋಷವೇ. ಹೊಸ ಟ್ರ್ಯಾಕ್ಟರು ಮೊದಲ ವರ್ಷದಲ್ಲೇ ಒಂದೇ ದೋಷದಿಂದ ನಾಲ್ಕು ಸಲ ವರ್ಕ್‌ಶಾಪು ಸೇರಿದರೆ ಏನು ಗತಿ? ಮಳೆ ಬಿದ್ದು ಬಂದ ಹದ ನಮಗಾಗಿ ಕಾಯುವುದಿಲ್ಲ. ಒಂದು ಕಡೆ ಬಾಡಿಗೆ ಟ್ರ್ಯಾಕ್ಟರಿಗೆ ಹಣ, ಇನ್ನೊಂದು ಕಡೆ ಬ್ಯಾಂಕಿನ ಕಂತು. ಇಂಥ ಸಂದರ್ಭದಲ್ಲಿ ಕಾನೂನು ನಿಮಗೆ ಕೊಟ್ಟಿರುವ ರಕ್ಷಣೆ ಏನೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ರೈತನೂ ಗ್ರಾಹಕನೇ

ನಮ್ಮ ದೇಶದಲ್ಲಿ ಗ್ರಾಹಕರ ರಕ್ಷಣಾ ಕಾಯಿದೆ ಮೊದಲು ಬಂದದ್ದು 1986ರಲ್ಲಿ. ಅದರ ಬದಲಿಗೆ 2019ರ ಹೊಸ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಈ ಕಾಯಿದೆಯಂತೆ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸುವುದಕ್ಕಾಗಿಯೇ ಕೊಂಡಿದ್ದರೆ ಅದು ವ್ಯಾಪಾರವಲ್ಲವೆಂದು ಕಾಯಿದೆಯಲ್ಲೇ ಹೇಳಿದೆ. ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ತೀರ್ಪು ಕೊಟ್ಟಿದೆ. ಆದುದರಿಂದ ಸ್ವಂತ ಜಮೀನಿನ ಉಳುಮೆಗೆ ಟ್ರ್ಯಾಕ್ಟರು ಕೊಂಡವರು ಹಿಂಜರಿಯಬೇಕಾಗಿಲ್ಲ. ಚಾಲಕರನ್ನಿಟ್ಟು ಹಲವು ಟ್ರ್ಯಾಕ್ಟರುಗಳನ್ನು ಬಾಡಿಗೆಗೆ ಓಡಿಸುವವರ ವಿಷಯ ಬೇರೆ.

ಕೊಳ್ಳುವ ದಿನವೇ ಎಚ್ಚರ

ಬಿಲ್ಲು, ವಾರಂಟಿ ಪುಸ್ತಕ, ಸರ್ವೀಸ್ ಕೂಪನ್ನು ಇವನ್ನು ಕೇಳಿ ಪಡೆಯಿರಿ. ಎಂಜಿನ್ ನಂಬರು, ಚಾಸಿ ನಂಬರು ಬಿಲ್ಲಿಗೆ ತಾಳೆಯಾಗಬೇಕು. ವಾರಂಟಿ ಸಾಮಾನ್ಯವಾಗಿ ಇಷ್ಟು ವರ್ಷ ಅಥವಾ ಇಷ್ಟು ಗಂಟೆ, ಯಾವುದು ಮೊದಲೋ ಅದು ಎಂದಿರುತ್ತದೆ. ಬ್ಯಾಟರಿ, ಟೈರುಗಳಿಗೆ ಅವುಗಳ ತಯಾರಕರ ವಾರಂಟಿಯೇ ಬೇರೆ ಇರುವುದುಂಟು. ಇವನ್ನು ಓದಿಸಿ ಕೇಳಿಕೊಂಡ ಮೇಲೆಯೇ ಸಹಿ ಹಾಕಿ.

ವಾರಂಟಿ ಇರುವಾಗ ಸರ್ವೀಸ್ ತಪ್ಪಿಸಬೇಡಿ. ಹೇಳಿದ ಆಯಿಲನ್ನೇ ಹಾಕಿಸಿ, ಅದರ ರಸೀದಿ ಇಟ್ಟುಕೊಳ್ಳಿ. ಊರಿನ ಮೆಕ್ಯಾನಿಕ್ಕರಿಂದ ಎಂಜಿನ್ ಬಿಚ್ಚಿಸಬೇಡಿ. ಬಿಚ್ಚಿಸಿದರೆ ತಪ್ಪು ನಿಮ್ಮದೇ ಎನ್ನಲು ಕಂಪನಿಗೆ ದಾರಿಯಾಗುತ್ತದೆ.

ಬಾಯಿಮಾತು ಬೇಡ, ಕಾಗದ ಬೇಕು

ಹೈಡ್ರಾಲಿಕ್ ಲಿಫ್ಟು ಭಾರ ಎತ್ತದೆ ಒಬ್ಬ ರೈತರು ಆರು ತಿಂಗಳಲ್ಲಿ ನಾಲ್ಕು ಸಲ ವಿತರಕರ ಬಳಿಗೆ ಹೋದರೆಂದು ಇಟ್ಟುಕೊಳ್ಳಿ. ಪ್ರತಿ ಸಲವೂ ಯಾರೋ ಹುಡುಗ ಬಂದು ಸರಿಮಾಡಿ ಹೋದ, ಬರವಣಿಗೆ ಏನೂ ಇಲ್ಲ. ಮುಂದೆ ಆ ನಾಲ್ಕು ಸಲಕ್ಕೂ ಸಾಕ್ಷಿ ಇರುವುದಿಲ್ಲ. ಆದುದರಿಂದ ಪ್ರತಿ ಸಲವೂ ಜಾಬ್ ಕಾರ್ಡು ಮಾಡಿಸಿ, ಪ್ರತಿ ಪಡೆಯಿರಿ. ನೀವು ಹೇಳಿದ ದೋಷವನ್ನೇ ಅದರಲ್ಲಿ ಬರೆದಿದ್ದಾರೆಯೇ ನೋಡಿ. ‘ಸಾಮಾನ್ಯ ತಪಾಸಣೆ’ ಎಂದಷ್ಟೇ ಬರೆದರೆ ಒಪ್ಪಬೇಡಿ.

ಮನೆಯಲ್ಲಿ ಒಂದು ನೋಟ್‌ಪುಸ್ತಕ ಇಡಿ. ಯಂತ್ರ ನಿಂತ ದಿನ, ಮೀಟರಿನಲ್ಲಿದ್ದ ಗಂಟೆ, ದೋಷ, ವರ್ಕ್‌ಶಾಪಿನಲ್ಲಿ ಕಳೆದ ದಿನಗಳು, ಬದಲಾಯಿಸಿದ ಭಾಗ, ಬಾಡಿಗೆ ಟ್ರ್ಯಾಕ್ಟರಿಗೆ ಕೊಟ್ಟ ಹಣ ಇವನ್ನು ಬರೆಯಿರಿ. ಬಾಡಿಗೆಗೂ ರಸೀದಿ ಪಡೆಯಿರಿ. ಪರಿಹಾರ ಕೇಳುವಾಗ ಇವೇ ನಿಮ್ಮ ಆಧಾರ.

ಬಿಡಿಭಾಗದ ದೋಷವೇ, ತಯಾರಿಕೆಯ ದೋಷವೇ?

ಯಂತ್ರ ಕೆಟ್ಟ ಮಾತ್ರಕ್ಕೆ ಹೊಸದು ಕೊಡಬೇಕೆಂದು ಕಾನೂನಿಲ್ಲ. ಒಂದು ಕಾರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ, ವಾರಂಟಿಯಲ್ಲಿ ಒಪ್ಪಿರುವುದು ಭಾಗದ ದುರಸ್ತಿ ಅಥವಾ ಬದಲಾವಣೆ ಮಾತ್ರವಾದುದರಿಂದ ಇಡೀ ವಾಹನ ಬದಲಾಯಿಸುವ ಆದೇಶ ಸಲ್ಲದೆಂದು ಹೇಳಿತು. ಭಾಗ ಬದಲಾಯಿಸಿದರೆ ಸರಿಹೋಗುವ ದೋಷಕ್ಕೆ ಸಿಗುವುದು ಆ ಭಾಗ ಮತ್ತು ತಕ್ಕ ಪರಿಹಾರ. ಎಷ್ಟು ರಿಪೇರಿ ಮಾಡಿದರೂ ಮರುಕಳಿಸುವ, ತಯಾರಿಕೆಯಲ್ಲೇ ಇರುವ ದೋಷವೆಂದು ರುಜುವಾತಾದರೆ ಮಾತ್ರ ಹೊಸ ಯಂತ್ರ ಅಥವಾ ಬೆಲೆಯ ವಾಪಸಾತಿಯ ಪ್ರಶ್ನೆ ಬಲವಾಗುತ್ತದೆ.

ಇದಕ್ಕೆ ತಜ್ಞರ ವರದಿ ಮುಖ್ಯ. ದೋಷ ತಿಳಿಯಲು ಪರೀಕ್ಷೆ ಬೇಕಾದರೆ ಆಯೋಗವೇ ಸೂಕ್ತ ಪ್ರಯೋಗಾಲಯಕ್ಕೆ ಒಪ್ಪಿಸಬಹುದು. ಅದರ ಶುಲ್ಕವನ್ನು ನೀವು ಮೊದಲು ಕಟ್ಟಬೇಕಾಗಬಹುದು. ಮಧ್ಯಪ್ರದೇಶದ ಬುದ್ನಿಯ ಕೇಂದ್ರದಲ್ಲಿ ಪಾಸಾದ ಮಾದರಿ ಇದೆಂದು ವಿತರಕರು ಹೇಳಬಹುದು. ಅಲ್ಲಿ ಪರೀಕ್ಷೆಯಾಗುವುದು ಮಾದರಿಯೇ ಹೊರತು ನಿಮ್ಮ ಮನೆಯ ಟ್ರ್ಯಾಕ್ಟರಲ್ಲ.

ನೋಟೀಸು ಮತ್ತು ದೂರು

ಮೊದಲು ವಿತರಕರಿಗೂ ಕಂಪನಿಗೂ ಪತ್ರ ಬರೆಯಿರಿ. ಎಷ್ಟು ಸಲ ಕೆಟ್ಟಿತು, ನಿಮಗೆ ಏನು ಬೇಕು, ಎಷ್ಟು ದಿನದೊಳಗೆ ಎಂಬುದು ಅದರಲ್ಲಿರಲಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನು ಮಾಡಬಹುದು. ಇದಕ್ಕೆ ಖರ್ಚಿಲ್ಲ.

ಇದರಿಂದ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಇದೇ ಆಯೋಗ. ಕಂಪನಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ.

ದೂರಿನಲ್ಲಿ ವಿತರಕರನ್ನೂ ತಯಾರಕರನ್ನೂ ಎದುರುದಾರರನ್ನಾಗಿ ಮಾಡಿ. ಇಲ್ಲವಾದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಜಾರಿಕೊಳ್ಳುತ್ತಾರೆ. ಆಯೋಗವು ದೋಷ ನಿವಾರಣೆ, ಯಂತ್ರದ ಬದಲಾವಣೆ, ಬೆಲೆಯ ವಾಪಸಾತಿ, ನಷ್ಟ ಪರಿಹಾರ ಇವುಗಳಲ್ಲಿ ತಕ್ಕುದನ್ನು ಆದೇಶಿಸಬಹುದು. ಪರೀಕ್ಷೆ ಬೇಡದ ದೂರನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದುದನ್ನು 5 ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಆದರೂ ಹೆಚ್ಚು ಕಾಲ ಹಿಡಿಯುವುದುಂಟು, ತಾಳ್ಮೆ ಇರಲಿ.

ಮರೆಯಬಾರದ ಮಾತುಗಳು

ದೂರಿಗೆ ಕಾರಣ ಹುಟ್ಟಿದಂದಿನಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ವಿತರಕರ ‘ಮುಂದಿನ ವಾರ ಬನ್ನಿ’ ಎಂಬ ಮಾತು ನಂಬಿ ಅವಧಿ ಕಳೆದುಕೊಳ್ಳಬೇಡಿ. ಟ್ರ್ಯಾಕ್ಟರು ಕೆಟ್ಟಿದೆಯೆಂದು ಬ್ಯಾಂಕಿನ ಕಂತು ನಿಲ್ಲಿಸಬೇಡಿ. ಸಾಲವೇ ಬೇರೆ, ದೋಷದ ವ್ಯಾಜ್ಯವೇ ಬೇರೆ. ಅಪಘಾತಕ್ಕೆ ಮಾಡಿಸಿದ ವಿಮೆಯಲ್ಲಿ ತಯಾರಿಕೆಯ ದೋಷಕ್ಕೆ ಹಣ ಸಿಗುವುದಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದು. ನಿಮ್ಮ ಮನೆಯಲ್ಲಿ ಹೊಸ ಟ್ರ್ಯಾಕ್ಟರು, ಟಿಲ್ಲರು ಅಥವಾ ಪಂಪುಸೆಟ್ಟು ಇದ್ದರೆ ಇಂದೇ ಅದರ ಬಿಲ್ಲು, ವಾರಂಟಿ ಪುಸ್ತಕ ಹುಡುಕಿ ಒಂದು ಚೀಲದಲ್ಲಿ ಹಾಕಿಡಿ. ವಾರಂಟಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆ ದಿನಕ್ಕೆ ಮೊದಲು ಸಣ್ಣ ದೋಷವನ್ನೂ ಬರೆಸಿ ಜಾಬ್ ಕಾರ್ಡು ಪಡೆಯಿರಿ.