ಈಜು ಬಂದರೆ ಹೊಳೆಯಲ್ಲಿ ಅಪಾಯವಿಲ್ಲವೇ?

‘ಹೊಳೆ ವರ್ಷಕ್ಕೊಂದು ಬಲಿ ಕೇಳುತ್ತದೆ’ ಎಂಬ ಮಾತನ್ನು ಮಲೆನಾಡಿನವರೆಲ್ಲ ಕೇಳಿರುತ್ತೇವೆ. ‘ಅವನಿಗೆ ಚೆನ್ನಾಗಿ ಈಜು ಬರುತ್ತಿತ್ತು, ಆದರೂ ಹೀಗಾಯಿತು’ ಎಂಬ ಮಾತನ್ನೂ ಕೇಳಿರುತ್ತೇವೆ. ಆನಂದಪುರದಿಂದ ಒಂದು ಕಡೆಗೆ ಹೋದರೆ ತೀರ್ಥಹಳ್ಳಿಯ ತುಂಗೆ, ಇನ್ನೊಂದು ಕಡೆಗೆ ಹೊಸನಗರ, ಸಾಗರದ ಶರಾವತಿ. ನಡುವೆ ಲೆಕ್ಕವಿಲ್ಲದಷ್ಟು ಹಳ್ಳಗಳು. ಕೆರೆಯಲ್ಲಿ ಕಲಿತ ಈಜು ಈ ಹರಿಯುವ ನೀರಿನಲ್ಲಿ ಏಕೆ ಸಾಲುವುದಿಲ್ಲ?

ನೀರಿನ ಬಲ ಎಷ್ಟು?

ನೀರಿನ ವೇಗ ಎರಡು ಪಟ್ಟಾದರೆ ಅದು ನಮ್ಮನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ತೊಡೆಮಟ್ಟದ ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿದ್ದರೆ ಕಾಲುಗಳ ಮೇಲೆ ಅಂದಾಜು 10 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ವೇಗ 2 ಮೀಟರ್ ಆದರೆ ಒತ್ತಡ 40 ಕಿಲೋ! ಒಲಿಂಪಿಕ್ಸ್‌ನ 100 ಮೀಟರ್ ಈಜುಗಾರರ ವೇಗವೇ ಸೆಕೆಂಡಿಗೆ 2 ಮೀಟರ್‌ಗಿಂತ ತುಸು ಹೆಚ್ಚು. ಹಾಗಾಗಿ ಸೆಳವಿಗೆ ಎದುರಾಗಿ ಈಜುವುದು ಯಾರಿಂದಲೂ ಆಗದ ಕೆಲಸ.

ತೀರ್ಥಹಳ್ಳಿಯಲ್ಲಿ ಬಿಸಿಲಿದ್ದರೂ ಶೃಂಗೇರಿ ಕಡೆ ಮಳೆ ಸುರಿದರೆ ತುಂಗೆ ಏರುತ್ತಾಳೆ. ನೀರಿನ ಬಣ್ಣ ಕೆಂಪಾಗುವುದು, ಎಲೆ ಕಡ್ಡಿಗಳು ತೇಲಿ ಬರುವುದು ಕಂಡರೆ ತಕ್ಷಣ ದಡಕ್ಕೆ ಬರಬೇಕು.

ತರಬೇತಿಯಲ್ಲಿ ಏನು ಕಲಿಸುತ್ತಾರೆ?

ರಕ್ಷಣಾ ಪಡೆಯವರಿಗೆ, ರಾಫ್ಟಿಂಗ್ ಗೈಡ್‌ಗಳಿಗೆ ಸೆಳವಿನ ನೀರಿನ ರಕ್ಷಣಾ ತರಬೇತಿ ಕೊಡುತ್ತಾರೆ. ಅದರ ಮೊದಲ ಪಾಠ: ಸೆಳವಿನಲ್ಲಿ ಎದ್ದು ನಿಲ್ಲಬೇಡಿ. ತೀರ್ಥಹಳ್ಳಿಯ ರಾಮಮಂಟಪದ ಸುತ್ತ ಇರುವಂಥ ಬಂಡೆಗಳ ಸಂದಿಗೆ ಪಾದ ಸಿಕ್ಕಿಕೊಂಡರೆ, ಸೊಂಟಮಟ್ಟದ ನೀರೂ ನಮ್ಮನ್ನು ಬಗ್ಗಿಸಿ ಮುಳುಗಿಸಬಲ್ಲದು. ಅಂಗಾತ ಮಲಗಿ, ಕಾಲುಗಳನ್ನು ನೀರು ಹರಿಯುವ ದಿಕ್ಕಿಗೆ ಚಾಚಿ, ಪಾದಗಳನ್ನು ಮೇಲೆತ್ತಿ ತೇಲಬೇಕು. ಕೈ ಬಡಿಯುತ್ತಾ ಓರೆಯಾಗಿ ದಡದ ಕಡೆ ಸಾಗಬೇಕು.

ಎರಡನೆಯದು, ನೀರಿಗೆ ಬಿದ್ದ ಮರ ಮತ್ತು ಬಿದಿರುಮೆಳೆ. ಅವುಗಳ ನಡುವೆ ನೀರು ನುಸುಳಿ ಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಬೀಳುತ್ತಾನೆ. ದೂರದಿಂದಲೇ ತಪ್ಪಿಸಿಕೊಳ್ಳಬೇಕು.

ಮೂರನೆಯದು, ತುಂಬಿ ಹರಿಯುವ ಕಿಂಡಿ ಅಣೆಕಟ್ಟು. ಮೇಲಿಂದ ಧುಮುಕಿದ ನೀರು ಬುಡದಲ್ಲಿ ಹಿಂದಕ್ಕೆ ಸುತ್ತುತ್ತದೆ. ಅಲ್ಲಿ ಬಿದ್ದವರನ್ನು ಅದು ಮತ್ತೆ ಮತ್ತೆ ಅಣೆಕಟ್ಟಿನ ಕಡೆಗೇ ಎಳೆಯುತ್ತದೆ. ಅದು ನೋಡಲು ಶಾಂತವಾಗಿದ್ದರೂ ಇಳಿಯಬಾರದ ಜಾಗ.

ಬೇರೆಯವರು ಮುಳುಗುತ್ತಿದ್ದರೆ?

ಕಾಪಾಡಲು ಧುಮುಕಿದವರೂ ಮುಳುಗುವುದುಂಟು. ಆದ್ದರಿಂದ ಮೊದಲು ದಡದಿಂದಲೇ ಕೂಗಿ ಧೈರ್ಯ ಹೇಳಿ, 112ಕ್ಕೆ ಕರೆ ಮಾಡಿಸಿ. ಹತ್ತಿರದಲ್ಲಿದ್ದರೆ ಅಡಿಕೆ ಕೊಯ್ಯುವ ದೋಟಿ ಚಾಚಿ. ದೂರವಿದ್ದರೆ ಹಗ್ಗ, ಟ್ಯೂಬ್ ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. ಹಗ್ಗವನ್ನು ನಿಮ್ಮ ಕೈಗೋ ಸೊಂಟಕ್ಕೋ ಸುತ್ತಿಕೊಳ್ಳಬೇಡಿ. ಅವರು ಹಗ್ಗ ಹಿಡಿದರೆ ನೀರೇ ಅವರನ್ನು ದಡಕ್ಕೆ ತೂಗಿ ತರುತ್ತದೆ.

ಮೇಲೆ ತಂದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು. ಅದರಲ್ಲಿ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಉಸಿರಾಟ ನಿಂತಿದ್ದರೆ ಬಾಯಿಂದ ಉಸಿರು ಕೊಟ್ಟು, ಎದೆ ಒತ್ತಲು ಶುರುಮಾಡಬೇಕು.

ಹಗ್ಗ ಎಸೆಯುವುದನ್ನು ಕಲಿಯಲು ಹೊಳೆಯೇ ಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಮನೆಯ ಅಂಗಳದಲ್ಲಿ, ಶಾಲೆಯ ಮೈದಾನದಲ್ಲಿ ಮಕ್ಕಳೊಂದಿಗೆ ಅಭ್ಯಾಸ ಮಾಡಬಹುದು. ಹೊಳೆಗೆ ಹೋಗುವಾಗ ಒಂದು ಹಗ್ಗ ಜೊತೆಗಿರಲಿ.